ಚಪ್ಪಲಿ ಅಕ್ಕನ ಜಪಾನಿ ಪುಸ್ತಕ

ಮೊನ್ನೆ ಟ್ರಂಕು ತೆಗೆದಾಗ ನುಸಿಗುಳಿಗೆಯ ವಾಸನೆಯ ಜೊತೆ ಆ ಪುಸ್ತಕವೂ ಕೈಗೆ ಬಂತು. ಒರಟು ಕಾಗದ, ಪುಟದ ತುಂಬ ಕಪ್ಪು-ಬಿಳುಪು ಚಿತ್ರ, ನಮಗ್ಯಾರಿಗೂ ಬಾರದ ಜಪಾನಿ ಅಕ್ಷರ. ಅದು ನನ್ನದಲ್ಲ, ಇಪ್ಪತ್ತು ವರ್ಷದಿಂದ ನನ್ನ ಬಳಿ ಇದೆ ಅಷ್ಟೆ.

ಹಳೇಬೀಡಿನ ದೇವಸ್ಥಾನದ ಹೊರಗೆ ಪ್ರವಾಸಿಗರ ಚಪ್ಪಲಿ ಕಾಯುತ್ತಿದ್ದ ಅಕ್ಕನದು ಅದು. ನಮ್ಮ ಮನೆ ಅದೇ ರಸ್ತೆಯಲ್ಲಿತ್ತು. ಗಂಡನ ಮನೆಯವರ ಹೊಡೆತ ತಾಳಲಾರದೆ ಜಾವಗಲ್ಲಿನಿಂದ ಬರಿಗೈಲಿ ಬಂದವಳು ಅವಳು. ಎರಡು ವರ್ಷದ ಮಗಳನ್ನು ಅವರು ಬಿಟ್ಟುಕೊಟ್ಟಿರಲಿಲ್ಲ. ಇದನ್ನೆಲ್ಲ ಅವಳು ಹೇಳಿದ್ದಲ್ಲ, ಬೀದಿ ಹೇಳುತ್ತಿತ್ತು. ಅವಳು ಮಾತ್ರ ಮಕ್ಕಳ ಚಪ್ಪಲಿಗಳನ್ನು ಬೇರೆ ತೆಗೆದು ನೆರಳಿನಲ್ಲಿ ಜೋಡಿಸಿಡುತ್ತಿದ್ದಳು.

ಒಂದು ದಿನ ಜಪಾನಿನ ಹುಡುಗಿಯೊಬ್ಬಳು ಬೂಟು ಕಟ್ಟಿಕೊಳ್ಳುವಾಗ ಈ ಪುಸ್ತಕ ಮರೆತು ಹೋದಳು. ವಾಪಸು ಬಂದರೆ ಕೊಡೋಣವೆಂದು ಅಕ್ಕ ವಾರಗಟ್ಟಲೆ ಜೋಪಾನ ಮಾಡಿದಳು. ಆಮೇಲೆ ಮೆಲ್ಲಗೆ ಚಿತ್ರ ನೋಡತೊಡಗಿದಳು. ಸ್ಕೂಲು ಬಿಟ್ಟ ಮೇಲೆ ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಅಕ್ಷರ ಬಾರದಿದ್ದರೂ ಕಥೆ ತಿಳಿಯುತ್ತಿತ್ತು. ಕಣ್ಣಿನ ಕೆಳಗೆ ಮಚ್ಚೆಯಿದ್ದ ಹೆಂಗಸೊಬ್ಬಳು ಹಲ್ಲು ಕಚ್ಚಿಕೊಂಡು ಹಿಮದಲ್ಲಿ ಒಬ್ಬಳೇ ನಡೆಯುತ್ತಾಳೆ. ಆಮೇಲೆ ಮುಚ್ಚಿದ ಬಾಗಿಲು. ಬಾಗಿಲು ತೆರೆದರೆ ಎರಡು ಜಡೆಯ ಮಗಳು ಅವಳ ಸೊಂಟ ತಬ್ಬಿಕೊಳ್ಳುತ್ತಾಳೆ. ಕೊನೆಯ ಪುಟದಲ್ಲಿ ತಾಯಿ ಮಗಳು ನಗುತ್ತ ಊಟಕ್ಕೆ ಕೂತಿರುತ್ತಾರೆ.

"ಹಟಮಾರಿ ಕಣೆ ಇವ್ಳು. ಮಗ್ಳು ಸಿಗೋಗಂಟ ಬಿಡ್ಲಿಲ್ಲ ನೋಡು," ಅನ್ನುತ್ತಿದ್ದಳು ಅಕ್ಕ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಯ ಕೇಬಲ್ ಟೀವಿಯ ಕಾರ್ಟೂನಿನಲ್ಲಿ ಅದೇ ಮಚ್ಚೆ, ಅದೇ ಜಡೆ ಹಿಂದಿ ಮಾತಾಡುತ್ತ ಬಂದವು. ಓಡಿಹೋಗಿ ಅಕ್ಕನನ್ನು ಕರೆತಂದೆ. ಟೀವಿಯವಳಿಗೆ ಬಣ್ಣ ಬಂದಿತ್ತು, ಹಟ ಹೋಗಿತ್ತು. ಮಾತುಮಾತಿಗೂ ತಪ್ಪಾಯಿತು ಎನ್ನುವ ಸಪ್ಪೆ ದನಿ. ಊಟದಿಂದ ಶುರುವಾದ ಕಥೆ, ಅವಳು ಮಗಳ ಕೈ ಬಿಡಿಸಿಕೊಂಡು ಹಿಮದಲ್ಲಿ ಹೊರಟುಹೋಗುವಲ್ಲಿಗೆ ಮುಗಿಯಿತು. ಅಕ್ಕ ಸೆರಗನ್ನು ಬಾಯಿಗೊತ್ತಿ ಕೂತಿದ್ದಳು.

ಮಾರನೆಯ ದಿನ ಕೇಳಿದಳು. "ನೀನು ಓದ್ದೋಳು, ಹೇಳವ್ವ. ಯಾವ್ದು ದಿಟ? ಪುಸ್ತಕದೋಳೋ, ಟೀವಿಯೋಳೋ?"

ನನಗೋ ಎಲ್ಲ ಬಲ್ಲೆನೆಂಬ ಜಂಬ. "ಪುಸ್ತಕದೋಳೇ ಅಕ್ಕ. ಮೊದಲು ಬಂದಿದ್ದು ಅದು. ಟೀವಿಯವರು ಕೆಡಿಸಿದ್ದಾರೆ," ಅಂದುಬಿಟ್ಟೆ.

ಆ ವಾರವೇ ಅಕ್ಕ ಜಾವಗಲ್ ಬಸ್ಸು ಹತ್ತಿದಳು. ಚೀಲದಲ್ಲಿ ಮಗಳಿಗೊಂದು ಲಂಗ, ಜೊತೆಗೆ ಈ ಪುಸ್ತಕ. ಸಂಜೆ ಒಬ್ಬಳೇ ಇಳಿದಳು. ಬಾಗಿಲು ಬಡಿದು ಬಡಿದು ಅಂಗೈ ಬಾತುಕೊಂಡಿತ್ತು. ಅವರು ತೆಗೆಯಲಿಲ್ಲವಂತೆ. ಕಿಟಕಿಯಲ್ಲಿ ಮಗಳ ಮುಖ ಕಂಡಿತಂತೆ, ಮಗುವಿಗೆ ಇವಳ ಗುರುತು ಹತ್ತಲಿಲ್ಲವಂತೆ... ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುವರ್ಷ ಅವಳಿಗೆ ಕಾಮಾಲೆಯಾಯಿತು. ಅರಸೀಕೆರೆಯ ಆಸ್ಪತ್ರೆಗೆ ಅಮ್ಮನ ಜೊತೆ ನೋಡಲು ಹೋದಾಗ ದಿಂಬಿನ ಕೆಳಗಿಂದ ಪುಸ್ತಕ ತೆಗೆದು ನನ್ನ ಕೈಲಿಟ್ಟಳು.

"ನನ್ ಮಗ್ಳು ದೊಡ್ಡೋಳಾದ್ಮೇಲೆ ಹುಡಿಕ್ಕಂಡು ಬತ್ತಾಳೆ. ಇದನ್ನ ಕೊಡು. ನಾನು ಹೋಗಿ ಬಾಗ್ಲು ಬಡ್ದಿದ್ದೆ ಅಂತ ಅವಳಿಗೆ ತಿಳೀಲಿ."

ಅಕ್ಕ ಆಸ್ಪತ್ರೆಯಿಂದ ಮತ್ತೆ ಹಳೇಬೀಡಿಗೆ ಬರಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೇಲೆ ಜಾವಗಲ್ಲಿಗೆ ಹೋಗಿ ವಿಚಾರಿಸಿದೆ. ಆ ಮನೆಯವರು ಊರು ಬಿಟ್ಟಿದ್ದರು, ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ.

ಮೊನ್ನೆ ನನ್ನ ಕೈಲಿದ್ದ ಪುಸ್ತಕವನ್ನು ನನ್ನ ಮಗಳು ಕಸಿದುಕೊಂಡಳು. ಇಂಥ ಜಪಾನಿ ಚಿತ್ರಕಥೆಗಳ ಹುಚ್ಚು ಅವಳಿಗೆ. ಪುಸ್ತಕ ಮಗುಚಿ ಹಿಂದಿನ ರಟ್ಟಿನಿಂದ ತೆರೆದಳು. "ಜಪಾನಿನವರದ್ದು ಈ ಕಡೆಯಿಂದ ಓದಬೇಕು ಕಣಮ್ಮ. ಬಲಗಡೆಯಿಂದ."

ನಾನು ಒಂದೊಂದೇ ಹಾಳೆ ತಿರುವಿದೆ. ಊಟ, ತಬ್ಬಿಕೊಂಡ ಮಗಳು, ಮುಚ್ಚಿದ ಬಾಗಿಲು, ಹಿಮ. ಹಿಮದ ಚಿತ್ರದಲ್ಲಿ ಮನೆ ಅವಳ ಬೆನ್ನ ಹಿಂದಿತ್ತು. ಮನೆಗೆ ಬರುವವಳ ಬೆನ್ನ ಹಿಂದೆ ಮನೆ ಹೇಗಿದ್ದೀತು ಎಂದು ನಾವಿಬ್ಬರೂ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಹಲ್ಲು ಕಚ್ಚಿದ್ದು ಹಟಕ್ಕಲ್ಲ, ಅಳು ತಡೆಯುವುದಕ್ಕೆ. ಟೀವಿಯವರು ಏನನ್ನೂ ಕೆಡಿಸಿರಲಿಲ್ಲ...

ಪುಸ್ತಕವನ್ನು ಮತ್ತೆ ಟ್ರಂಕಿನಲ್ಲಿಟ್ಟಿದ್ದೇನೆ. ನಿನ್ನ ಮಗಳು ಬಂದರೆ ಕೊಡುತ್ತೇನೆ ಅಕ್ಕ. ಯಾವ ಕಡೆಯಿಂದ ತೆರೆದು ಕೊಡಲಿ ಎಂಬುದೇ ನನಗೆ ತಿಳಿಯುತ್ತಿಲ್ಲ.