ನಡುಗಂಬದ ಬಾವುಟ

ಕ್ರೀಡಾಂಗಣದಲ್ಲಿ ಎಲ್ಲರೂ ಅವರನ್ನು ಬಾವುಟದಣ್ಣ ಎಂದೇ ಕರೆಯುತ್ತಿದ್ದರು. ಪದಕ ಕೊಡುವ ಹೊತ್ತಿಗೆ ಮೂರು ಕಂಬಗಳಿಗೆ ಮೂರು ಬಾವುಟ ಏರುತ್ತವಲ್ಲ, ಅದರಲ್ಲಿ ನಡುವಿನದು, ಅಂದರೆ ಚಿನ್ನದ ಕಂಬ, ಅವರ ಪಾಲಿನದು. ಕಂಬದ ಬುಡದಲ್ಲೊಂದು ಕಬ್ಬಿಣದ ಹಿಡಿ. ತಿರುಗಿಸಿದರೆ ಹಗ್ಗ ಸುತ್ತಿಕೊಂಡು ಬಾವುಟ ಮೇಲೇರುತ್ತದೆ. ಗೆದ್ದವರ ರಾಷ್ಟ್ರಗೀತೆ ಶುರುವಾದಾಗ ಹಿಡಿಗೆ ಕೈ ಹಾಕಿ, ಗೀತೆಯ ಕೊನೆಯ ಸ್ವರಕ್ಕೆ ಸರಿಯಾಗಿ ತುದಿ ಮುಟ್ಟಿಸಬೇಕು. ಕೇಳಲು ಸುಲಭ. ಆದರೆ ಒಂದು ದೇಶದ ಗೀತೆ ಒಂದು ಸೀನು ಸೀನುವಷ್ಟರಲ್ಲಿ ಮುಗಿದುಹೋಗುತ್ತದೆ. ಇನ್ನೊಂದರದು ಸನ್ಮಾನ ಸಭೆಯ ಭಾಷಣದ ಹಾಗೆ, ಮುಗಿಯಿತು ಅಂದುಕೊಂಡು ಏಳುವಷ್ಟರಲ್ಲಿ ಮತ್ತೆ ಶುರು. ಹತ್ತೊಂಬತ್ತು ವರ್ಷಗಳಲ್ಲಿ ಬಾವುಟದಣ್ಣ ಒಂದು ಸಲವೂ ಹೆಚ್ಚುಕಮ್ಮಿ ಮಾಡಿರಲಿಲ್ಲ. ಕಂಡಕಂಡ ದೇಶಗಳ ಹೆಮ್ಮೆಯನ್ನೆಲ್ಲ ಎತ್ತಿ ಎತ್ತಿ ಬಲತೋಳು ಎಡತೋಳಿಗಿಂತ ದಪ್ಪಗಾಗಿತ್ತು.

ಸ್ವಂತ ದೇಶದ ಬಾವುಟವನ್ನು ಮಾತ್ರ ಎತ್ತಿರಲಿಲ್ಲ. ನಮ್ಮವರು ಚಿನ್ನ ಗೆದ್ದರೆ ತಾನೇ! ಎರಡು ಸಲ ಕಂಚು ಬಂದಿತ್ತು. ಅದು ಪಕ್ಕದ ಕಂಬದವನಿಗೆ ಹೋಯಿತು. ಮೊಳಗಿದ ಗೀತೆ ಇನ್ಯಾರದೋ. ನಿವೃತ್ತಿಗೆ ಇನ್ನು ಒಂದೇ ಒಂದು ಕ್ರೀಡಾಕೂಟ ಉಳಿದಿತ್ತು. ಅಷ್ಟರೊಳಗೆ ಒಮ್ಮೆಯಾದರೂ ನಮ್ಮದನ್ನು ನನ್ನ ಕೈಯಾರೆ ತುದಿ ಮುಟ್ಟಿಸಬೇಕು ಎಂಬುದೊಂದೇ ಆಸೆ ಅವರಿಗೆ.

ದೇಶಭಕ್ತಿಯಲ್ಲಿ ಅವರದು ಒಂದು ಕೈ ಹೆಚ್ಚೇ. ಮನೆಯ ಟೀವಿಯಲ್ಲಿ ನಮ್ಮ ಗೀತೆ ಬಂದರೆ ಎಲ್ಲರೂ ಇದ್ದಲ್ಲೇ ನೆಟ್ಟಗೆ ನಿಲ್ಲಬೇಕು. ಹಾಲು ಉಕ್ಕಿ ಒಲೆ ಆರಿದರೂ ಹೆಂಡತಿ ಕೈ ಎತ್ತುವಂತಿಲ್ಲ. ಒಮ್ಮೆ ಭಾವಮೈದುನ ಬಚ್ಚಲಿಂದ ಕೆಂಗಣ್ಣು ಬಿಟ್ಟುಕೊಂಡು ಬಂದವನೇ, "ಭಾವ, ಮುಖಕ್ಕೆ ಸೋಪು ಹಚ್ಕೊಂಡೇ ಕೊನೇವರೆಗೂ ನಿಂತಿದ್ದೆ. ನಂಗೇನಾದ್ರೂ ಪದಕ ಗಿದಕ ಇದ್ಯಾ?" ಎಂದಿದ್ದ.

"ಅದು ಕರ್ತವ್ಯ ಕಣೋ. ಅದಕ್ಕೆಲ್ಲ ಪದಕ ಕೊಡಲ್ಲ" ಎಂದು ಬಾವುಟದಣ್ಣ ನಗದೇ ಉತ್ತರಿಸಿದ್ದರು.

ಕೂಟಕ್ಕೆ ವಾರವಿರುವಾಗ ಸಮಾರಂಭದ ಉಸ್ತುವಾರಿ ಸಾಹೇಬರು ಕರೆದರು. "ಈ ಸಲ ಡಿಸ್ಕಸ್ ಎಸೆತದಲ್ಲಿ ನಮ್ಮ ಹುಡುಗಿ ಗೆದ್ರೂ ಗೆಲ್ಬಹುದಂತೆ. ಒಂದ್ಸಲ ನಮ್ಮ ಗೀತೆ ಹಾಕಿ ಅಭ್ಯಾಸ ಮಾಡ್ಬಿಡೋಣ."

"ಛೆ ಛೆ, ಸಾರ್! ರಾಷ್ಟ್ರಗೀತೆನ ಹಾಗೆಲ್ಲ ಸುಮ್ಮಸುಮ್ಮನೆ ಹಾಕ್ತಾರಾ? ಗಡಿಯಾರ ನೋಡ್ಕೊಂಡು ಮಾಡ್ತೀನಿ ಬಿಡಿ."

ಹಾಗೆಯೇ ಮಾಡಿದರು. ದಿನಾ ಬೆಳಿಗ್ಗೆ ಖಾಲಿ ಕ್ರೀಡಾಂಗಣದಲ್ಲಿ ಹಿಡಿ ತಿರುಗಿಸಿ, ಒಂದು ಸೆಕೆಂಡು ಆಚೀಚೆಯಾಗದಂತೆ ತೋಳನ್ನು ಪಳಗಿಸಿದರು.

ಹುಡುಗಿ ಗೆದ್ದೇಬಿಟ್ಟಳು! ಮಧ್ಯಾಹ್ನ ಮೂರಕ್ಕೆ ಪದಕ ಸಮಾರಂಭ. ಗ್ಯಾಲರಿಯೆಲ್ಲ ಬಾವುಟವೇ, ಕೆನ್ನೆಗೆ ಬಳಿದವರು, ಹೆಗಲಿಗೆ ಹೊದ್ದವರು, ಬಿಸಿಲಿಗೆ ತಲೆಗೆ ಸುತ್ತಿಕೊಂಡವರು. ಬಾವುಟದಣ್ಣ ಹಗ್ಗದ ಗಂಟು ಮೂರು ಸಲ ನೋಡಿಕೊಂಡು ಹಿಡಿಗೆ ಕೈ ಹಾಕಿದರು. ಮೊದಲ ಸ್ವರ ಮೊಳಗಿತು. ಅಷ್ಟೇ. ಅವರ ಎರಡೂ ಕೈ ತಾವಾಗಿಯೇ ಇಳಿದು ತೊಡೆಗಂಟಿಕೊಂಡವು, ಹಿಮ್ಮಡಿಗಳು ಕೂಡಿದವು, ಗದ್ದ ಮೇಲೇರಿತು.

ಪಕ್ಕದ ಎರಡು ಬಾವುಟಗಳು ಗಂಭೀರವಾಗಿ ಏರಿದವು. ನಡುವಿನದು ಬುಡದಲ್ಲೇ ಮುದುಡಿಕೊಂಡಿತ್ತು. ಕಣ್ಣು ಮುಚ್ಚಿ ಹಾಡುತ್ತಿದ್ದ ಹುಡುಗಿಗೆ ಇದು ಕಾಣಲಿಲ್ಲ. ಸಾಹೇಬರು ಮಾತ್ರ ಮೆಟ್ಟಿಲ ಸಂದಿಯಿಂದ "ಎತ್ರೀ! ಎತ್ರೀ!" ಎಂದು ಪಿಸುಗುಟ್ಟಿ ಪಿಸುಗುಟ್ಟಿ ಗಂಟಲು ಕಟ್ಟಿಸಿಕೊಂಡರು.

ಗೀತೆ ಮುಗಿದಾಗ ಬಾವುಟದಣ್ಣನಿಗೆ ಪ್ರಜ್ಞೆ ಬಂತು. ಗರಗರ ತಿರುಗಿಸತೊಡಗಿದರು. ಬಾವುಟ ಅರ್ಧ ಕಂಬಕ್ಕೆ ಬಂದಿರಬೇಕು, ಮೈಕಿನ ಕೋಣೆಯಲ್ಲಿದ್ದವನಿಗೆ ಉಪಕಾರ ಮಾಡುವ ಬುದ್ಧಿ ಹುಟ್ಟಿತು. ಗೀತೆಯನ್ನು ಮತ್ತೆ ಮೊದಲಿಂದ ಹಾಕಿದ. ಬಾವುಟದಣ್ಣ ಮತ್ತೆ ಕಂಬವಾದರು.

ಸಾಹೇಬರಿಗೆ ಈಗ ಪಿಸುಗುಟ್ಟುವ ತಾಳ್ಮೆಯೂ ಉಳಿಯಲಿಲ್ಲ. "ಅಯ್ಯೋ ಮಹರಾಯ್ರೇ, ಅರ್ಧಕ್ಕೆ ನಿಲ್ಸಿದ್ರಲ್ರೀ! ಸತ್ತಿರೋದು ಯಾರು ಅಂತ ಕೇಳ್ತಾರೆ ಜನ!"

ಅಷ್ಟರಲ್ಲಿ ಪದಕದ ಹುಡುಗಿ ಪೀಠದಿಂದ ಧುಮುಕಿ ಓಡಿಬಂದಳು. "ಅಂಕಲ್, ಏನಾಯ್ತು? ಕೈ ಹಿಡ್ಕೊಂಡ್ಬಿಡ್ತಾ?"

ಗೀತೆ ನಡೆಯುವಾಗ ಮಾತಾಡಬಾರದು. ಅವರು ಕಣ್ಣಲ್ಲೇ ಗೋಗರೆದರು. ಅವಳಿಗೆ ಅರ್ಥವಾಗಲಿಲ್ಲ. "ಬಿಡಿ, ನೀವು ಸುಧಾರಿಸ್ಕೊಳ್ಳಿ" ಎಂದವಳೇ ಡಿಸ್ಕಸ್ ಎಸೆದ ಕೈಯಲ್ಲಿ ಹಿಡಿ ಗಿರ್ರನೆ ತಿರುಗಿಸಿದಳು. ಗೀತೆ ಇನ್ನೂ ನಡೆಯುತ್ತಿರುವಾಗಲೇ ಬಾವುಟ ತುದಿಯಲ್ಲಿತ್ತು. ಕ್ರೀಡಾಂಗಣ ಹುಚ್ಚೆದ್ದು ಕೂಗಿತು. ಹತ್ತೊಂಬತ್ತು ವರ್ಷ ಕಾದ ಮನುಷ್ಯ ಒಂದು ಗೇಣು ದೂರದಲ್ಲಿ ನೆಟ್ಟಗೆ ನಿಂತಿದ್ದರು. ಕಣ್ಣೀರು ಒರೆಸಿಕೊಳ್ಳಲೂ ಕೈ ಎತ್ತುವಂತಿರಲಿಲ್ಲ.

ಸಾಹೇಬರು ಅಮಾನತಿನ ಮಾತು ಬಾಯಲ್ಲಿಟ್ಟುಕೊಂಡೇ ಬಂದರು. ಆದರೆ ಟೀವಿಯವರು ಅದಾಗಲೇ, ಗೆದ್ದವರೇ ಬಾವುಟ ಏರಿಸುವ ಹೊಸ ಸಂಪ್ರದಾಯ ಎಂದು ಗದ್ಗದಿತರಾಗಿ ಸಾರಿಬಿಟ್ಟಿದ್ದರು. ಮಂತ್ರಿಗಳ ಫೋನೂ ಬಂತು: ಈ ಐಡಿಯಾ ಯಾರದ್ರೀ? ಸಾಹೇಬರು ಒಂದು ಕ್ಷಣವೂ ತಡಮಾಡದೆ, "ನಮ್ಮದೇ ಸಾರ್" ಎಂದರು.

ಹೆಂಡತಿಯ ಫೋನು ಬಂತು. "ರೀ, ಎರಡು ಸಲಾನೂ ನಾವೆಲ್ಲ ಎದ್ದು ನಿಂತಿದ್ವಿ. ನೀವ್ಯಾಕೆ ಎತ್ತಲಿಲ್ಲ?"

"ನಾನೂ ನಿಂತಿದ್ದೆ ಕಣೇ."

ಆ ಕಡೆ ಟೀವಿ ಆರಿಸಿದ ಸದ್ದು ಕೇಳಿತು. ಆಮೇಲೆ ಅವಳು, "ಬೇಗ ಬನ್ನಿ" ಎಂದಷ್ಟೇ ಹೇಳಿ ಇಟ್ಟಳು.

ಸಂಜೆ ಕಸ ಗುಡಿಸುವವರು ಗ್ಯಾಲರಿಗೆ ಇಳಿದರು. ಕೆಳಗೆ ಬಿದ್ದಿದ್ದ ಕಾಗದದ ಬಾವುಟಗಳನ್ನು ಗೋಣಿಗೆ ತುಂಬುತ್ತಿದ್ದರು. ಕಂಬದ ಬಾವುಟ ಇಳಿಸುವುದು ಬಾಕಿಯಿತ್ತು. ಅದಕ್ಕೆ ಗೀತೆ ಇಲ್ಲ, ನೋಡುವವರೂ ಇಲ್ಲ. ಬಾವುಟದಣ್ಣ ಹಿಡಿಗೆ ಕೈ ಹಾಕಿದರು. ಗೇಟಿನ ಬೀಗದ ಕೈ ಕುಣಿಸುತ್ತ ನಿಂತಿದ್ದ ಸಾಹೇಬರು, "ಬೇಗ ಇಳ್ಸಿ ಮಹರಾಯ್ರೇ, ಮನೆಗೆ ಹೋಗೋದು ಬೇಡ್ವಾ?" ಎಂದು ಕೂಗಿದರು.

"ಇರಿ ಸಾರ್. ಇದನ್ನಾದ್ರೂ ಪೂರ್ತಿ ನಾನೇ ಮಾಡ್ತೀನಿ."