ಸೆನ್ಸರ್ ಬುಡಕ್ಕೆ ಸುರಿದ ನೀರು

ನಮ್ಮೂರು ಕೊಹಿನೂರಿನಲ್ಲಿರುವ ನಮ್ಮ ಹೊಲಕ್ಕೆ ನೀರು ಯಾವಾಗ ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಹೇಳುವವಳು ನಾನೇ ಆಗಿದ್ದೆ. ಆ ಅಧಿಕಾರ ಕೊಟ್ಟವರು ನನ್ನ ಮಾವ. ಗೇಣುದ್ದ ಅಗೆದು, ಬೇರಿನ ಹತ್ತಿರದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದೆ. ಉಂಡೆ ಕಟ್ಟಿದರೆ ಇನ್ನೆರಡು ದಿನ ತಡೆಯಬಹುದು. ಪುಡಿಯಾಗಿ ಉದುರಿದರೆ ಅಂದೇ ಮೋಟಾರು ಹಾಕಬೇಕು. ನಾನು ಸಾಕೆಂದರೆ ಗಂಡ, ಮೈದುನ ಇಬ್ಬರೂ ಎದುರಾಡುತ್ತಿರಲಿಲ್ಲ.

ಮಾವ ತೀರಿಕೊಂಡ ಮೇಲೆ ಹೊಲ ಎರಡು ಪಾಲಾಯಿತು. ಆಗಲೂ ಮೈದುನನ ಹೆಂಡತಿ ಬದು ದಾಟಿ ಬಂದು, "ಅಕ್ಕಾ, ನಮ್ಮ ಶುಂಠಿ ಸ್ವಲ್ಪ ನೋಡ್ರಿ" ಎಂದು ಕರೆಯುತ್ತಿದ್ದಳು. ಕೆಲಸ ಕೆಟ್ಟಿತೆಂಬಂತೆ ಮುಖ ಗಂಟಿಕ್ಕಿಕೊಂಡು ಹೋಗುತ್ತಿದ್ದೆ. ಒಳಗೊಳಗೆ ಮಾತ್ರ ಬಹಳ ಹಿತವಾಗುತ್ತಿತ್ತು.

ಹೋದ ವರ್ಷ ಅವಳು ಹುಮನಾಬಾದಿನಿಂದ ಡ್ರಿಪ್ ನೀರಾವರಿ ಅಂಗಡಿಯವನನ್ನು ಕರೆಸಿದಳು. ಅವನು ಅವರ ಶುಂಠಿ ಮಡಿಯಲ್ಲಿ ಸೆನ್ಸರ್ ಒಂದನ್ನು ಹುಗಿದ. ಮಣ್ಣು ಒಣಗಿದರೆ ವಾಲ್ವ್ ತಾನೇ ತೆರೆಯುತ್ತದೆ, ಹಸಿಯಾದರೆ ತಾನೇ ಮುಚ್ಚುತ್ತದೆ. ಮಣ್ಣು ಹಸಿಯೋ ಒಣವೋ ಎಂಬುದು ಮೊಬೈಲಿನಲ್ಲೂ ಕಾಣುತ್ತದೆ. ಅವಳು ಅದನ್ನು ತಂದು ತೋರಿಸಿ, "ಇನ್ನ ನಿಮಗ ತ್ರಾಸ್ ಇಲ್ಲ ನೋಡ್ರಿ ಅಕ್ಕಾ" ಎಂದಳು. ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ಆ ಹಂಗಾಮಿನಲ್ಲಿ ನಮ್ಮ ತಗ್ಗಿನ ಮೂಲೆಯಲ್ಲಿ ನೀರು ಹೆಚ್ಚಾಗಿ ಶುಂಠಿ ಕೊಳೆಯಿತು. ನೀರು ಬಿಡಿಸಿದವಳು ನಾನೇ. ಅವರದು ಹಸಿರಾಗಿ ನಿಂತಿತ್ತು. ಬಸವಕಲ್ಯಾಣದ ಕಡೆಯಿಂದಲೂ ರೈತರು ನೋಡಲು ಬಂದರು. ನನ್ನ ಗಂಡನೂ ಬದುವಿನ ಮೇಲೆ ನಿಂತು, "ಅವರದು ಭಾರಿ ಬೆಳಿಯಾಕತ್ತದ" ಎಂದ. ಆ ರಾತ್ರಿ ನಾನು ಅವನಿಗೆ ಎರಡನೇ ರೊಟ್ಟಿ ಬೇಕೇ ಎಂದು ಕೇಳಲಿಲ್ಲ.

ಈ ವರ್ಷದ ಬೇಸಿಗೆ. ಶುಂಠಿ ಆಗಷ್ಟೇ ಎಲೆ ಬಿಟ್ಟಿತ್ತು. ಮಧ್ಯಾಹ್ನ ಮೈದುನ, ಅವನ ಹೆಂಡತಿ ಇಬ್ಬರೂ ಊಟಕ್ಕೆ ಮನೆಗೆ ಹೋದಾಗ, ನಾನು ಒಂದು ಕೊಡ ನೀರು ಹೊತ್ತು ಬದು ದಾಟಿದೆ. ಸೆನ್ಸರಿನ ಬುಡಕ್ಕೆ ನಿಧಾನವಾಗಿ ಸುರಿದೆ. ಮರುದಿನವೂ ಸುರಿದೆ. ಹೀಗೆ ಐದು ದಿನ. ಅಷ್ಟು ಜಾಗ ಮಾತ್ರ ಹಸಿ, ಉಳಿದ ಮಡಿಯೆಲ್ಲ ಬಿಸಿಲಿಗೆ ಕಾಯುತ್ತಿತ್ತು. ವಾಲ್ವ್ ತೆರೆಯಲೇ ಇಲ್ಲ.

ಆರನೇ ದಿನ ಅವಳು ಓಡಿ ಬಂದಳು.

"ಅಕ್ಕಾ, ಮೊಬೈಲ್ ಹಸಿ ಅದ ಅನ್ನಾಕತ್ತದ, ಎಲಿ ನೋಡಿದ್ರ ಸುರುಳಿ ಸುತ್ಯಾವ. ನನಗ ತಿಳೀವಲ್ದು. ನೀವೇ ಮಣ್ಣ ಹಿಡದು ನೋಡ್ರಿ."

ನನಗೆ ಬೇಕಾದ ಕರೆ ಬಂದಿತ್ತು. ಹೋಗಿ ಅಗೆದೆ. ಮಣ್ಣು ಬೆರಳ ಸಂದಿನಿಂದ ಉದುರಿತು. "ಈಗಿಂದೀಗ ನೀರ ಬಿಡು" ಎಂದೆ. ಹೇಳುವಾಗ ಎದೆ ಉಬ್ಬಿತ್ತು, ಸುಳ್ಳು ಹೇಳಲಾರೆ. ಅವಳು ಕಣ್ಣೊರೆಸಿಕೊಂಡು, "ನನ್ನದೇ ತಪ್ಪ್ರಿ. ನಿಮ್ಮನ್ನ ಬಿಟ್ಟು ಮಷೀನ್ ನಂಬಿದೆ" ಎಂದಳು.

ಅದನ್ನು ತಡೆದುಕೊಳ್ಳಲು ಆಗಲಿಲ್ಲ.

"ಮಷೀನಿಂದು ತಪ್ಪಿಲ್ಲ. ಐದು ದಿನ ಅದರ ಬುಡಕ ನಾನೇ ನೀರ ಹಾಕೀನಿ."

"ಯಾಕ್ರಿ?"

"ನೀ ನನ್ನ ಕರೀಲಿ ಅಂತ."

ಅವಳು ನನ್ನನ್ನೇ ನೋಡಿದಳು. ಆಮೇಲೆ ಹೋಗಿ ಕೈಯಿಂದ ವಾಲ್ವ್ ತಿರುಗಿಸಿದಳು. ಮಡಿಯ ಬಹುಪಾಲು ಚೇತರಿಸಿಕೊಂಡಿತು. ಎರಡು ಸಾಲು ಮಾತ್ರ ಸುಟ್ಟೇ ಹೋದವು. ಈ ಸಂಗತಿಯನ್ನು ಅವಳು ತನ್ನ ಗಂಡನಿಗೂ ಹೇಳಲಿಲ್ಲ. ಹೇಳಿ ಬೈಸಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಒಂದು ತಿಂಗಳು ನನ್ನೊಡನೆ ಮಾತಿಲ್ಲ.

ಕೊನೆಗೆ ಒಂದು ಮುಂಜಾನೆ ಬದುವಿನ ಆಚೆ ನಿಂತೇ ಕೇಳಿದಳು: "ಇನ್ನೊಂದು ಸೆನ್ಸರ್ ಹಾಕಬೇಕಂತ ಮಾಡೀನಿ. ಎಲ್ಲಿ ಹಾಕ್ಲಿ?" ಅಕ್ಕಾ ಎನ್ನಲಿಲ್ಲ. ನಾನು ಮೂರು ಕಡೆ ಅಗೆದು ನೋಡಿ, ಎಲ್ಲಕ್ಕಿಂತ ಮೊದಲು ಒಣಗುವ ಜಾಗ ತೋರಿಸಿದೆ. ಅಲ್ಲೇ ಹಾಕಿಸಿದಳು.

ಹೊಟ್ಟೆಕಿಚ್ಚು ಪೂರ್ತಿ ಆರಿದೆ ಎನ್ನಲಾರೆ. ನಮ್ಮ ಹೊಲಕ್ಕೂ ಒಂದು ಹಾಕಿಸೋಣವೇ ಎಂದು ಗಂಡ ಕೇಳಿದ್ದಾನೆ. ನಾನಿನ್ನೂ ಹೂಂ ಅಂದಿಲ್ಲ.