ಮಗಳ ನಾಣ್ಯಮಂತ್ರ

ಕಳೆದ ಭಾನುವಾರ ನನ್ನ ಮಗಳು ನನ್ನ ಮೇಲೆ ಮಂತ್ರ ಹಾಕಿದಳು. ಬರೀ ಒಂದು ನಾಣ್ಯದಿಂದ. ನಾನು ತುಟಿಪಿಟಕ್ಕೆನ್ನಲಿಲ್ಲ. (ನನ್ನನ್ನು ಬಲ್ಲ ಓದುಗರು ನಂಬುವುದಿಲ್ಲ, ಗೊತ್ತು.)

ನಮ್ಮ ಸನತ್‌ನಗರದ ಮನೆಯ ಮಹಡಿಯಲ್ಲಿ ಮಾಧವಿ ಎಂಬ ಸಾಫ್ಟ್‌ವೇರ್ ಹುಡುಗಿ ಬಾಡಿಗೆಗಿದ್ದಾಳೆ. ಭಾನುವಾರ ಮಧ್ಯಾಹ್ನ ಇಬ್ಬರು ಗೆಳತಿಯರೊಂದಿಗೆ ನಮ್ಮ ಊಟದ ಟೇಬಲ್ಲಿಗೆ ಇಳಿದು ಬರುತ್ತಾಳೆ. (ಅವಳಲ್ಲಿ ಕಂಪ್ಯೂಟರಿಗೆ ಟೇಬಲ್ಲಿದೆ, ಮನುಷ್ಯರಿಗಿಲ್ಲ.) ಆಡುವುದು ಒಂದು ವಿಚಿತ್ರ ಆಟ. ದಾಳ, ಪೆನ್ಸಿಲ್, ಕಾಗದ ಬಿಟ್ಟರೆ ಮಿಕ್ಕಿದ್ದೆಲ್ಲ ಬಾಯಿಮಾತು. ಮಾಧವಿ ಗುಹೆ, ಕಾಡು, ರಾಕ್ಷಸ ಎಂದು ಕಥೆ ಕಟ್ಟುತ್ತಾಳೆ. ತಮ್ಮ ಪಾತ್ರ ಆಗ ಏನು ಮಾಡುತ್ತದೆಂದು ಉಳಿದವರು ಹೇಳಬೇಕು. ಒಬ್ಬಳು ಬಿಲ್ಲುಗಾತಿ, ಇನ್ನೊಬ್ಬಳು ಕಳ್ಳಿ. ಇಂಟರ್, ಅಂದರೆ ಪಿಯುಸಿ, ಓದುವ ನನ್ನ ಮಗಳು ನಂದಾ, ನಾಣ್ಯದ ಮಂತ್ರಗಾತಿ.

ಮಂತ್ರಗಳೆಲ್ಲ ಅವಳವೇ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ನಾಣ್ಯವನ್ನು ಹಣತೆಗೆ ಹಾಕಿದರೆ ದಾರಿಗೆ ಬೆಳದಿಂಗಳು. ನಾಲಿಗೆಯ ಕೆಳಗಿಟ್ಟರೆ ಹಕ್ಕಿಗಳ ಮಾತು ತಿಳಿಯುತ್ತದೆ. ಇವೆಲ್ಲ ಎಲ್ಲಿಂದ ಹೊಳೆಯುತ್ತವೆ? ಆ ವಯಸ್ಸಿನಲ್ಲಿ ನನ್ನ ಕನಸಿಗೆ ಬರುತ್ತಿದ್ದುದು ವರ್ನಿಯರ್ ಕ್ಯಾಲಿಪರ್!

"ಅಪ್ಪಾ, ಹಿತ್ತಾಳೀದು ಒಂದ ನಾಣ್ಯ ಬ... ಬೇಕು. ತಿರುಗಸಾಕ" ಎಂದಳು ಒಂದು ದಿನ.

ಬಾಲಾನಗರದ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೂದಲು ನೆರೆಸಿಕೊಂಡವನಿಗೆ ಇದೊಂದು ಕೆಲಸವೇ? ಗೆಳೆಯನ ಶೆಡ್ಡಿನ ಲೇಥಿನಲ್ಲಿ ತೆಳ್ಳಗೆ ಕಡೆದು, ಅಂಚಿಗೆ ಥೇಟ್ ರೂಪಾಯಿಯ ಹಾಗೆ ಗೀರು ಹಾಕಿ ಕೊಟ್ಟೆ. ಅವಳು ಟೇಬಲ್ಲಿನ ಗಾಜಿನ ಮೇಲೆ ತಿರುಗಿಸಿದಳು. ಎರಡೇ ಸೆಕೆಂಡಿಗೆ ಬಿತ್ತು.

"ಅಪ್ಪಾ, ಇದು ಭ... ಭ... ಭಾಳ..."

"ಭಾಳ ಚಂದ ಐತಿ, ಹೌದಿಲ್ಲೊ?" ಎಂದೆ ನಾನು. ಅವಳು ತಲೆಯಾಡಿಸಿದಳು.

ನಂದಾ ಉಗ್ಗುತ್ತಾಳೆ. ಅವಳ ಮಾತನ್ನು ನಾನು ಮುಗಿಸುತ್ತೇನೆ. ಅವಳು ಮಾತು ಕಲಿತಾಗಿನಿಂದ ಇದೇ ನಡೆದಿದೆ. ಅದನ್ನು ಪ್ರೀತಿ ಎಂದುಕೊಂಡಿದ್ದೆ.

ನಾಣ್ಯ ಕೊಟ್ಟ ಮೇಲಿನ ಮೊದಲ ಭಾನುವಾರ ಆಟದಲ್ಲಿ ಅವಳ ಸರದಿ ಬಂತು. ಮುಂದೆ ಒಂದು ಕಲ್ಲಿನ ಬಾಗಿಲು. ನಂದಾ ನಾಣ್ಯ ತಿರುಗಿಸಿದಳು, ಬಾಯಿ ತೆರೆದಳು. ನಾಣ್ಯ ಬಿತ್ತು. "ಬಾಗಲಾ ತಗೀತಾಳ ಅಕಿ!" ಎಂದು ಸೋಫಾದಿಂದ ಕೂಗಿದೆ.

ನಂದಾ ನೋಟ್‌ಬುಕ್ ಮುಚ್ಚಿದಳು. "ನಾ ಇನ್ನ ಆ... ಆಡೂದಿಲ್ಲ" ಎಂದು ಒಳಗೆ ಹೋದಳು.

"ಅಂಕಲ್, ಆಪ್ ಖುದ್ ಪಢೋ," ನೀವೇ ಓದಿ ಎಂದು ಮಾಧವಿ ನೋಟ್‌ಬುಕ್ ತೆರೆದು ಮುಂದೆ ಹಿಡಿದಳು. ಕೊನೆಯ ಮಂತ್ರ ಹೀಗಿತ್ತು: ಈ ನಾಣ್ಯ ತಿರುಗುವಷ್ಟು ಹೊತ್ತು ಬೇರೆ ಯಾರೂ ಮಾತಾಡುವಂತಿಲ್ಲ.

ನಾಚಿಕೆಯಾಯಿತು. ನಾಣ್ಯ ಕೊಟ್ಟ ದಿನ ಅವಳು ಹೇಳಹೊರಟಿದ್ದು ಭಾಳ ಲಗೂನ ಬೀಳ್ತೈತಿ ಅಂತ!

ವಾರವಿಡೀ ಸಂಜೆ ಶೆಡ್ಡಿನಲ್ಲೇ ಕಳೆದೆ. ಈ ಸಲ ದಪ್ಪ ನಾಣ್ಯ, ಒಳ್ಳೆ ತೂಕ. ಅಂಚಿನ ಗೀರು ಬಿಟ್ಟು ದುಂಡಗೆ ಮಾಡಿ ಕನ್ನಡಿಯಂತೆ ಪಾಲಿಶ್ ಹೊಡೆದೆ. ಮಾತಾಡದೆ ಅವಳ ಕೈಗಿಟ್ಟೆ.

ಮೊನ್ನೆ ಭಾನುವಾರ ನಂದಾ ಮತ್ತೆ ಆಟಕ್ಕೆ ಕೂತಳು. ನಾಣ್ಯ ತಿರುಗಿತು. ತಿರುಗುತ್ತಲೇ ಇತ್ತು. ಕಿಟಕಿಯ ಬಿಸಿಲು ಅದಕ್ಕೆ ತಾಗಿ ಛಾವಣಿಯ ಮೇಲೆ ಚಿನ್ನದ ಮೀನುಗಳು ಓಡಾಡಿದವು. ನಂದಾ ನಿಧಾನಕ್ಕೆ, ಉಗ್ಗುತ್ತಲೇ, ಹೇಳತೊಡಗಿದಳು. ತನ್ನ ಮಂತ್ರಗಾತಿ ನದಿಯ ತಳಕ್ಕೆ ಇಳಿಯುತ್ತಾಳಂತೆ. ರೈಲು ಸೇತುವೆ ದಾಟುವಾಗ ಜನ ಕೈಮುಗಿದು ಎಸೆದ ನಾಣ್ಯಗಳೆಲ್ಲ ಅಲ್ಲಿವೆಯಂತೆ. ಒಂದೊಂದನ್ನೂ ಕಿವಿಗೆ ಹಿಡಿದರೆ ಎಸೆದವರ ಬೇಡಿಕೆ ಇನ್ನೂ ಕೇಳಿಸುತ್ತದಂತೆ.

ನಾಣ್ಯ ಝಲ್ಲೆಂದು ನಡುಗಿ ಮಲಗಿತು. ಅವಳ ಮಾತು ಇನ್ನೂ ಮುಗಿದಿರಲಿಲ್ಲ. ಯಾರೂ ಉಸಿರೆತ್ತಲಿಲ್ಲ, ನಾನೂ. ಅವಳೇ ಮುಗಿಸಿದಳು. ನನ್ನ ಕಣ್ಣು ತುಂಬಿ ಬಂತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ನನ್ನಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದಳು. ನಾಣ್ಯ ಎತ್ತಿ ಅಂಗೈಯಲ್ಲಿ ತೂಗಿ ನೋಡಿದಳು.

"ನನಗೂ ಒಂದ ಮಾಡಿಕೊಡ್ರಿ," ಎಂದಳು. "ಇದಕ್ಕಿಂತ ದೊಡ್ಡದು."